ಬೆಂಕಿಪೊಟ್ಟಣದ ಹುಲಿ

ತಾಲ್ಕಾದ ನಮ್ಮ ಮಣ್ಣುಗೋಡೆಗೆ
ಭೂಕಂಪ ಒಂದು ಗೆರೆ ಎಳೆದು ಹೋಗಿತ್ತು,
ಸೂರಿನಿಂದ ನನ್ನ ಮಂಚದ ತಲೆದೆಸೆಯವರೆಗೆ.
ಅಪ್ಪ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದ.
ಮುಗಿಯಿತು ರಿಪೇರಿ.

ಕ್ಯಾಲೆಂಡರಿನ ಹಿಂದೆ ಅವಳಿದ್ದಳು.
ಕಾಸಿನಗಲ, ಕುದಿಸಿ ಚೆಲ್ಲಿದ ಚಹದ ಬಣ್ಣ,
ಬೆನ್ನ ಮೇಲೆ ಯಾರೋ ಮರೆತು ಹೋದ ಪಿಟೀಲು.
ಊರಲ್ಲಿ ಬರೀ ಮೂಲೆಯ ಜೇಡ ಅನ್ನುತ್ತಾರೆ,
ಹೆಸರಿನಲ್ಲೂ ಮೂಲೆಗುಂಪು.

ಅವಳಿಗೆ ನನ್ನ ಮೇಲೆ ಹಗೆಯಿರಲಿಲ್ಲ.
ಇದನ್ನು ಈಗ ಹೇಳಬಲ್ಲೆ,
ರಟ್ಟೆಯಲ್ಲಿ ಅವರೆಕಾಳಿನಷ್ಟು ಕಲೆ ಇಟ್ಟುಕೊಂಡು.
ಜೂನ್ ಚಳಿ, ಸೀಮೆಎಣ್ಣೆ ಒಲೆಯ ಘಾಟು, ಶಾಲೆಗೆ ತಡ;
ಬೇಸಗೆಯಿಡೀ ಮೊಳೆಗೆ ನೇತುಬಿದ್ದ ಉಣ್ಣೆ ಕೋಟಿಗೆ
ಕೊಡವದೆ ಕೈ ತೂರಿಸಿದೆ.
ಮಲಗಿದ್ದವಳ ಮೈಮೇಲೆ
ಮನೆಯೇ ಬಿಗಿದು ಬಂದರೆ ಏನು ಮಾಡಿಯಾಳು?
ಮೊದಲು ಗುಂಡುಸೂಜಿ.
ಸ್ವಲ್ಪ ಹೊತ್ತಿಗೆ
ಇಸ್ತ್ರಿಪೆಟ್ಟಿಗೆ.

ಅಜ್ಜಿ ಎರ್ಮೆಲಿಂದಾ ಹೊಲಿಗೆ ಯಂತ್ರ ಬಿಟ್ಟೆದ್ದಳು,
ಹೆಗಲ ಮೇಲಿನ ಟೇಪು ಹೆಗಲ ಮೇಲೇ.
ಕೂಗಾಡಲಿಲ್ಲ. ಕೋಟನ್ನು ಒಳಗು ಹೊರಗು ಮಾಡಿ
ಮುದುಡಿ ಬಿದ್ದದ್ದನ್ನು ಜಾಮ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದಳು.
ಸೋಪು, ನೀರು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ.
ಬೇಲಿಯಾಚೆಯವರು ಬಿಸಿಬೂದಿ, ಬೆಳ್ಳುಳ್ಳಿ, ಬ್ಲೇಡು ಎಂದರೆ
"ನಿಮ್ಮ ಕೈಗೇ ಮಾಡಿಕೊಳ್ಳಿ" ಎಂದಳು.
ಬಸ್ಸಿನಲ್ಲಿ ನನ್ನ ತೋಳಿನ ಮೇಲೆ ಮಂಜು, ಅವಳ ಮಡಿಲಲ್ಲಿ ಬಾಟಲಿ;
ಮೂವರಿಗೆ ಎರಡೇ ಟಿಕೆಟು.

ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಿಟ್ಟು
ಕಣ್ಣೆಣಿಸಿದರು:
ಎರಡು, ಎರಡು, ಎರಡು.
"ಎಂಟಿರಬೇಕಲ್ಲ?" ಎಂದೆ, ಅಳುತ್ತಲೇ.
"ಇವಳಿಗೆ ಆರೇ."
ಎರಡು ರಾತ್ರಿ ಇರಿಸಿಕೊಂಡರು.
ಬೆಳಗಾದರೆ ನನ್ನ ಉಚ್ಚೆಯ ಬಣ್ಣ ನೋಡಲು ಬರುವರು,
ಮುಖ ನೋಡಲಲ್ಲ.
ಅದು ಕಪ್ಪಾಗಲಿಲ್ಲ. ರಟ್ಟೆ ಮಾತ್ರ
ನೀಲಿ, ಬಿಳಿ, ಕೆಂಪಾಗಿ
ಚಿಲಿಯ ಬಾವುಟವನ್ನೇ ಬಿಡಿಸಿತು.

ಅಷ್ಟರಲ್ಲಿ ಅಪ್ಪ ಮನೆಗೆಲ್ಲ ವಿಷ ಹೊಡೆದಿದ್ದ.
ಗುಡಿಸಿ ಗುಡ್ಡೆ ಹಾಕಿದ ಹೆಣಗಳನ್ನು
ಅಜ್ಜಿ ಕನ್ನಡಕ ಏರಿಸಿ ಕೆದಕಿದಳು.
ಉದ್ದ ಕಾಲಿನ, ಪಟ್ಟೆ ಮೈಯ ಹುಲಿಜೇಡಗಳು,
ಗುಲಾಬಿ ಗಿಡಕ್ಕೆ ದುಂಡು ಬಲೆ ಕಟ್ಟಿ
ಹಾಡುಹಗಲೇ ಬದುಕಿದವರು.
ಪಿಟೀಲಿನವರು ಒಬ್ಬರೂ ಇಲ್ಲ.
ಬಿರುಕಿನಾಳದಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು.
"ಓಸ್ವಾಲ್ದೊ," ಎಂದಳು ಮಗನಿಗೆ,
"ಕಳ್ಳರನ್ನು ಬಿಟ್ಟು ಕಾವಲಿನವರನ್ನು ಕೊಂದೆಯಲ್ಲ."

ಆಮೇಲೆ ಮಂಚ ಗೋಡೆಯಿಂದ ಒಂದು ಗೇಣು ಸರಿಯಿತು.
ಹೊದಿಕೆ ನೆಲ ಮುಟ್ಟುವಂತಿರಲಿಲ್ಲ.
ಬಿರುಕಿಗೆ ಅಪ್ಪ, ಮಾತಿಲ್ಲದೆ,
ಹುಲ್ಲು ಕಲಸಿದ ಮಣ್ಣು ತುಂಬಿದ, ಮೂರು ಭಾನುವಾರ.

ಸೆಪ್ಟೆಂಬರಿನಲ್ಲಿ ಬ್ರೆಡ್ಡಿನಂಗಡಿಯ ಡೆಲ್ಫಿನಾ
ಬ್ರೆಡ್ಡಿನ ಜೊತೆಗೊಂದು ಬೆಂಕಿಪೊಟ್ಟಣ ಕೊಟ್ಟಳು.
ಒಳಗೆ ಕಡ್ಡಿಯಿಲ್ಲ, ಹುಲಿ.
ಹೆಸರಷ್ಟೇ ಹುಲಿ, ನಡಿಗೆ ಮರಗಾಲಿನದು;
ಇಡುವ ಮುನ್ನ ಪ್ರತಿ ಹೆಜ್ಜೆಯನ್ನೂ ಕೇಳಿ ಇಡುತ್ತಿತ್ತು.
ಅಜ್ಜಿ ಅದನ್ನು ಯಂತ್ರದ ಮೇಲಿನ ಮೂಲೆಗೆ ಹತ್ತಿಸಿದಳು.
ಆ ಮೂಲೆಗೆ ಪೊರಕೆ ಹೋಗಕೂಡದು.

ಒಂದು ರಾತ್ರಿ ಟಾರ್ಚಿನಲ್ಲಿ ಕಂಡೆ:
ಪಿಟೀಲಿನವಳು ಗೋಡೆಯುದ್ದ ಮಿಂಚಿನಂತೆ ಓಡುತ್ತಿದ್ದಳು.
ಹುಲಿ ಅವಸರಪಡಲಿಲ್ಲ. ಉಗುಳಿತು, ಒಂದೇ ಸಲ.
ಅಂಟಿನ ನೂಲು ಅಡ್ಡಡ್ಡ ಬಿದ್ದು
ಓಡುತ್ತಿದ್ದವಳು ಸುಣ್ಣಕ್ಕೆ ಹೊಲಿದುಹೋದಳು,
ಅಜ್ಜಿ ಅಳತೆ ನೋಡಲು ಹಾಕುವ ಕಚ್ಚಾ ಹೊಲಿಗೆಯ ಹಾಗೆ.
ಸಂತೋಷವಾಗಬೇಕಿತ್ತು.
ಟಾರ್ಚು ಆರಿಸಿದೆ.

ಈಗ ಆಂತೊಫಗಾಸ್ತಾದ ಹನ್ನೊಂದನೇ ಮಹಡಿಯಲ್ಲೂ
ಶೂಗಳನ್ನು ಎರಡು ಸಲ ನೆಲಕ್ಕೆ ಕುಟ್ಟುತ್ತೇನೆ.
ಹೆಂಡತಿ ನಗುತ್ತಾಳೆ: ಇನ್ನೂ ಹೆದರಿಕೆಯಾ?
ಹೆದರಿಕೆಯೇ ಇರಬಹುದು.
ಕುಟ್ಟಿದ ಮೇಲೆ ಮಾತ್ರ ಒಂದು ಗಳಿಗೆ ಕಾಯುತ್ತೇನೆ,
ಬಾಗಿಲು ತಟ್ಟಿದವರು ಕಾಯುವಂತೆ.