ಎಂಟು ಬಾಗಿಲು

ಆಲ್ಸ್‌ಮೇರ್‌ನಲ್ಲಿ ರಾತ್ರಿ ಎರಡೂಕಾಲು.
ಹೂವಿನ ಮಂಡಿಗೆ ನಿದ್ದೆಯಿಲ್ಲ,
ವೀಟ್ಸ್ಕೆಗೂ ಇಲ್ಲ.
ಪರದೆಯ ಮೇಲೆ ಒಂದೇ ಸಾಲು. ಅದರ ತಲೆಯಲ್ಲೇ
ಕೆಂಪಗೆ ಅಡ್ಡ ಮಲಗಿದೆ ಒಂದು ಸಂದೇಶ:
ಎಷ್ಟು ಕಟ್ಟು ಎಂಬ ಜಾಗದಲ್ಲಿ ಯಾರೋ ಪುಣ್ಯಾತ್ಮ
'ಒಂದಷ್ಟು' ಎಂದು ಬರೆದಿದ್ದಾನೆ.

ಯಂತ್ರಕ್ಕೆ ಒಂದಷ್ಟು ಅರ್ಥವಾಗುವುದಿಲ್ಲ.
ಹಿಂದೆ ನಲವತ್ತು ಸಾವಿರ ಸಂದೇಶ ನಿಂತಿವೆ ಉಸಿರು ಬಿಗಿಹಿಡಿದು,
ಓಸ್ಲೋಗೆ ಟುಲಿಪ್, ಲಿಯೋನ್‌ಗೆ ಗುಲಾಬಿ,
ಯಾವುದೋ ಆಸ್ಪತ್ರೆಯ ಅಂಗಡಿಗೆ ಹತ್ತು ಕಟ್ಟು ಜರ್ಬೆರಾ.
ಕೆಳಗೆ ಲಾರಿಗಳು ಎಂಜಿನ್ ಆರಿಸದೆ ಕಾಯುತ್ತಿವೆ.
ಸರದಿಯ ಮಾತು ಹೂವಿಗೇನು ಗೊತ್ತು?
ಬಾಡುವುದು ಅದರ ಪಾಡಿಗೆ ಅದು.

ಸೆಟ್ಟಿಂಗ್ ಪುಟ ತೆರೆದಳು.
ಸಮಾನಾಂತರ ಸಾಲುಗಳು: ೧.
ಅಳಿಸಿ ಬರೆದಳು: ೮.
ಸೇವ್. ಮರುಚಾಲನೆ. ತಣ್ಣಗಾದ ಕಾಫಿ ಒಂದು ಗುಟುಕು.

ಕಟ್ಟೆ ಒಡೆದಂತೆ ಹರಿಯಿತು.
'ಒಂದಷ್ಟು' ಒಂದು ಬಾಗಿಲಲ್ಲಿ ಬಿದ್ದುಕೊಂಡಿತು,
ಉಳಿದ ಏಳರಲ್ಲಿ ನೂಕುನುಗ್ಗಲು.
ಸ್ಲಾವೊಮಿರ್ ಲಾರಿಯಿಂದಲೇ ಕೈಬೀಸಿ ಗೇಟು ದಾಟಿದ.
ಆವತ್ತು ಬೆಳಗಿನವರೆಗೂ ಅವಳು
ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಗುರುವಾರ ಫೋನು. ಹಾರ್ಲೆಮ್‌ನ
ಪುಟ್ಟ ಹೂವಂಗಡಿಯ ಮಾರ್ಯೋಲೈನ್.
ತನ್ನದೇ ಮದುವೆಗೆಂದು ಸಂಜೆ ಕೇಳಿದ್ದು
ಇನ್ನೂರು ಬಿಳಿ ಲಿಲ್ಲಿ;
ನಡುರಾತ್ರಿ ಅದನ್ನು ರದ್ದು ಮಾಡಿದ್ದೂ ತಾನೇ.
ಎರಡೂ ಆ ಸಾಲಿನಲ್ಲೇ ಇದ್ದವು, ಒಂದರ ಹಿಂದೊಂದು.
ಬಾಗಿಲು ಎಂಟಾದಾಗ 'ರದ್ದು' ಓಡಿ ಬಂದು ಕೇಳಿತು,
ಎಲ್ಲಿ ಆರ್ಡರು? ಅಂಥದ್ದು ಯಾವುದೂ ಇಲ್ಲವಲ್ಲ,
ಎಂದು ಕಡತ ಮುಚ್ಚಿಕೊಂಡು ಹೋಯಿತು.
ಆಮೇಲೆ ನಿಧಾನವಾಗಿ ಬಂತು ಆರ್ಡರು,
ಏನೂ ಅರಿಯದ ಮಗುವಿನ ಹಾಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರುಂಟು;
ಇಲ್ಲಿ ಕೂಸಿಗೂ ಮೊದಲು ತಿಥಿ.

ಮಾರ್ಯೋಲೈನ್ ಬೈಯಲಿಲ್ಲ.
'ಸ್ನಾನದ ತೊಟ್ಟಿಯಲ್ಲಿ ಇಟ್ಟಿದ್ದೇನೆ,' ಎಂದಳು.
'ಇವತ್ತು ಎಲ್ಲವೂ ಅರಳಿವೆ.
ಸ್ನಾನ ಮಾಡುವುದು ಎಲ್ಲಿ?'

ವೀಟ್ಸ್ಕೆ ಎಂಟನ್ನು ಎಂಟಾಗಿಯೇ ಬಿಟ್ಟಳು.
ಒಂದು ಗೆರೆ ಮಾತ್ರ ಸೇರಿಸಿದಳು: ಒಬ್ಬ ಗಿರಾಕಿಯ
ಮಾತೆಲ್ಲ ಒಂದೇ ಬಾಗಿಲಿಂದ, ಆಡಿದ ಕ್ರಮದಲ್ಲೇ.
ಗಿರಾಕಿಯ ಸಂಖ್ಯೆಯನ್ನು ಎಂಟರಿಂದ ಭಾಗಿಸಿ
ಉಳಿದ ಶೇಷವೇ ಬಾಗಿಲು.

ನಲವತ್ತೊಂದು ಸಾವಿರದ ಏಳುನೂರ ಮೂವತ್ತೊಂಬತ್ತು,
ಮಾರ್ಯೋಲೈನ್‌ಳ ಸಂಖ್ಯೆ. ಕಾಗದದ ಮೇಲೆ
ಪೆನ್ಸಿಲಿನಲ್ಲಿ ಭಾಗಿಸಿದಳು, ಯಂತ್ರವಿದ್ದೂ.
ಶೇಷ ಮೂರು.

ಈಗ ರಾತ್ರಿಪಾಳಿಯಲ್ಲಿ ಆಗಾಗ
ಮೂರನೇ ಬಾಗಿಲ ಕಡೆ ಕಣ್ಣು ಹೋಗುತ್ತದೆ.
ಯಾರುಯಾರದೋ ಸಂದೇಶ ಬರುತ್ತವೆ, ಹೋಗುತ್ತವೆ.