ಹದಿನೈದು ಬಲೂನು

ಪೀಣ್ಯ ಎರಡನೇ ಹಂತ, ಗ್ರೈಂಡಿಂಗ್ ಶೆಡ್ಡಿನ ಹಿಂದೆ
ನಮ್ಮದೊಂದು ಕೋಣೆ.
ನಾಲ್ಕು ಉಕ್ಕಿನ ಕೊಳವೆ, ಒಂದು ನೀರಿನ ತೊಟ್ಟಿ,
ಮೆಟ್ರೋ ಹೋದಾಗೆಲ್ಲ ನಡುಗುವ ಗೇಜಿನ ಮುಳ್ಳು.
ಕೊಳವೆಯೊಳಗೆ ಲ್ಯಾಂಥನಮ್, ನಿಕಲ್ ಬೆರೆಸಿ ಕರಗಿಸಿದ ಲೋಹ,
ಬೂದುಬಣ್ಣದ್ದು, ರಾಗಿಹಿಟ್ಟಿಗಿಂತ ನುಣುಪು.

ಬಂದಾಗ ಹಿಟ್ಟಾಗಿರಲಿಲ್ಲ. ಜಲ್ಲಿಯ ಹಾಗೆ ಗಟ್ಟಿ.
ಮೊದಲ ದಿನ ಜಲಜನಕ ಬಿಟ್ಟರೆ
ಸೋಕಿಸಿಕೊಳ್ಳಲೇ ಇಲ್ಲ.
ಕಾಯಿಸಿ, ಒಳಗಿನ ಗಾಳಿ ಹೀರಿ ತೆಗೆದು, ಮತ್ತೆ ಬಿಟ್ಟೆವು.
ಮಧ್ಯಾಹ್ನ ಮೂರಕ್ಕೆ, ಕರೆಂಟು ಹೋಗುವ ಐದು ನಿಮಿಷ ಮುಂಚೆ,
ಮುಳ್ಳು ಇಳಿಯತೊಡಗಿತು.
ಕುಡಿದು ಉಬ್ಬಿತು ಲೋಹ, ಉಬ್ಬಿ ಬಿರಿಯಿತು,
ಬಿರಿದಷ್ಟೂ ಬಾಯಿ ಹೆಚ್ಚಿತು.

ಪಿಳ್ಳಣ್ಣ ಮಾವ ನೋಡಲು ಬಂದರು.
ಮೂವತ್ತು ವರ್ಷ ಕಬ್ಬನ್ ಪಾರ್ಕಿನ ಗೇಟಿನಲ್ಲಿ ಬಲೂನು ಮಾರಿದವರು.
ಕಾಸ್ಟಿಕ್ ಸೋಡ, ಪಾತ್ರೆ ಅಂಗಡಿಯ ಅಲ್ಯೂಮಿನಿಯಮ್ ಚೂರು,
ಒಂದು ಕಬ್ಬಿಣದ ಸಿಲಿಂಡರು, ಅಷ್ಟೇ ಅವರ ಕಾರ್ಖಾನೆ.
ಒಂದು ಭಾನುವಾರ ಅದು ಸಿಡಿದು
ಎಡಗೈಯ ಎರಡು ಬೆರಳು ಹೋದವು.
ಉಳಿದ ಮೂರರಲ್ಲೇ ಈಗಲೂ ಬೀಡಿ ಹಿಡಿಯುತ್ತಾರೆ;
ಬೆಂಕಿಪೊಟ್ಟಣ ಬಾಗಿಲಲ್ಲೇ ಇಸಕೊಂಡೆ.

"ಎಲ್ಲಿದೆಯೇ ಗ್ಯಾಸು?"
"ಲೋಹದೊಳಗೇ ಮಾವ, ಅಣು ಅಣುವಿನ ಸಂದಿಯಲ್ಲಿ."
ಕಿವಿಯಿಟ್ಟರು. "ಸದ್ದೇ ಇಲ್ವಲ್ಲ."
ಅಂಗೈಯಿಟ್ಟರು. "ಜ್ವರ ಬಂದಿದೆ."
ಹೌದು, ತುಂಬಿಕೊಳ್ಳುವಾಗ ಮೈ ಕಾಯುತ್ತದೆ,
ತಣ್ಣೀರು ಹರಿಸಬೇಕು.
ಬಿಡುವಾಗ ತಣ್ಣಗಾಗಿ ಬೆವರುತ್ತದೆ,
ಬಿಸಿನೀರು ಕಾಣಿಸದಿದ್ದರೆ ಕೊಡುವುದೇ ಇಲ್ಲ.
ನಮಗೆ ಬೇಕಾದ್ದೂ ಆ ಮೊಂಡುತನವೇ.

"ಎಷ್ಟು ಹಿಡಿಯುತ್ತೆ?"
ಕಿಲೋ ಲೋಹಕ್ಕೆ ಹದಿನಾಲ್ಕು ಗ್ರಾಂ ಎಂದೆ, ದನಿ ತಗ್ಗಿಸಿ.
ಸ್ಕೂಟರ್ ಕಂಪನಿಯವರು ನಕ್ಕು ಹೋಗಿದ್ದು ಇದಕ್ಕೇ:
ಹೊರಲು ಹೆಣಭಾರ, ಕೊಡುವುದು ಚಿಟಿಕೆ.
ಗ್ಯಾಸಿಗೂ ಗ್ರಾಂ ಉಂಟೇ ಎಂದು ಮಾವ ನೋಡಿದರು.
ಲೀಟರಿನಲ್ಲಿ ಹೇಳಿದೆ: ನೂರ ಎಪ್ಪತ್ತು.
ಬೆರಳು ಸಾಲದೆ ಗೆಣ್ಣು ಎಣಿಸಿ
"ಹದಿನೈದು ಬಲೂನು" ಎಂದರು. "ದೊಡ್ಡವು.
ಒಂದು ಕಾಫಿ ಲೋಟದಷ್ಟು ಪುಡಿಯಲ್ಲಾ?"

ಸ್ವಲ್ಪ ಹೊತ್ತು ಮಾತಿಲ್ಲ.
ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಕಿರುಚುತ್ತಿತ್ತು.
"ಮೇಲೆ ಹೋಗಬೇಕು ಅಂತ
ಅದಕ್ಕೆ ಅನ್ನಿಸೋದೇ ಇಲ್ವೇನೇ?"

ಉತ್ತರ ಹುಡುಕುವಷ್ಟರಲ್ಲಿ ಮೆಟ್ರೋ ಬಂತು, ಹೋಯಿತು.
ಕೊಳವೆ ಆಗಲೇ ತಣಿದಿತ್ತು,
ಮುಳ್ಳು ಎರಡರ ಗೆರೆಯಲ್ಲಿ ನಿಂತಿತ್ತು.
ಮೂರು ಬೆರಳಿನ ಆ ಅಂಗೈ ಇನ್ನೂ ಅದರ ಮೇಲೆ.
ಅಂಗೈ ಬಿಸಿಗೆ
ಮುಳ್ಳು ಕೂದಲೆಳೆಯಷ್ಟು ಏರಿದ ಹಾಗೆ ಕಂಡಿತು.
ಪುಸ್ತಕದಲ್ಲಿ ಬರೆಯಲಿಲ್ಲ.