ಸರ್ಕ್ಯೂಟ್ ಹೌಸಿನ ಕಡತ

ಕದ್ರಿ ಗುಡ್ಡದ ಮೇಲೆ, ಸರ್ಕ್ಯೂಟ್ ಹೌಸಿನ ಅಡುಗೆಮನೆಯಲ್ಲಿ
ಐತಪ್ಪ ಸಪಲ್ಯರದೊಂದು ಕಡತ.
ರಾಜ್ಯಪಾಲರಿಗಿಂತ ಮೊದಲು ಬರುವ ಕಾಗದಗಳೆಲ್ಲ
ಅದರೊಳಗೆ, ಎಣ್ಣೆಗೈ ಗುರುತಿನ ಸಮೇತ.

ಇವರಿಗೆ ಉಪ್ಪು ಕಡಿಮೆ. ಇವರಿಗೆ ಗೋಧಿ ಮಾತ್ರ.
ಇವರಿಗೆ ಬೆಳ್ಳುಳ್ಳಿಯ ವಾಸನೆಯೂ ಆಗದು.
ಒಬ್ಬರು ಮಾತ್ರ, ಕಾಗದದಲ್ಲಿ ಇಲ್ಲದ್ದು,
ನಡುರಾತ್ರಿ ಬನಿಯನ್ನಿನಲ್ಲೇ ಬಾಗಿಲಿಗೆ ಬಂದು
ಹಿಂದಿಯಲ್ಲಿ ಪಿಸುಗುಟ್ಟಿದರು:
ಮಧ್ಯಾಹ್ನ ಪೊಲೀಸರು ತಿಂದ ಆ ಮೀನು
ಒಂದು ಉಳಿದಿದೆಯೇ?

ಹೆಸರು ಕೇಳಿದರೆ ಸಪಲ್ಯರು ತಲೆ ಕೆರೆಯುತ್ತಾರೆ.
"ಘಟಿಕೋತ್ಸವಕ್ಕೆ ಬಂದವರಾ? ಅವರು ಗಂಜಿಯವರು ಮಾರಾಯ್ರೆ."

ಯಾವ ಸರಕಾರ ಬಿತ್ತು, ಯಾರ ಸಹಿಗೆ ಬಿತ್ತು,
ಅದೆಲ್ಲ ಅವರಿಗೆ ತಿಳಿಯದು.
ಆ ರಾತ್ರಿ ಫೋನು ಎಂಟು ಸಲ ಬಡಿದದ್ದು ಗೊತ್ತು,
ನೀರುದೋಸೆ
ಮುಚ್ಚಿದ ತಟ್ಟೆಯಲ್ಲೇ ಬೆವರಿದ್ದು ಗೊತ್ತು.

ನಿನ್ನೆ ಮತ್ತೊಂದು ಕಾಗದ:
ಬರಬೇಕಿದ್ದವರಿಗೆ ಬೇರೆ ರಾಜ್ಯಕ್ಕೆ ವರ್ಗ.
ಬೆಳಿಗ್ಗೆ ಬಂದರಿನಿಂದ ತಂದ ಕಾಣೆಯನ್ನು
ಡ್ರೈವರ್, ತೋಟದ ಲೋಕು, ಕರೆಂಟಿನವನು
ಹಂಚಿಕೊಂಡು ಉಂಡರು.

ಸಪಲ್ಯರು ಆ ಕಾಗದಕ್ಕೂ ತೂತು ಹಾಕಿ,
ದಾರ ಪೋಣಿಸಿ, ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದಿದ್ದಾರೆ:
ಏನೂ ತಕರಾರು ಇಲ್ಲ.